ಬೀಜದ ಹೋತ ಆರಿಸಲು 84 ದಿನದ ಪರೀಕ್ಷೆ: ತಕ್ಕಡಿ, ಕಣ್ಣು, ಹಿಕ್ಕೆ

ಮಾಂಸಕ್ಕೆಂದು ಮೇಕೆ ಸಾಕುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಯಾವ ತಳಿಯ ಹೋತ ತರಲಿ? ಬೋಯರ್ ತಂದರೆ ಮರಿ ದಪ್ಪ ಬರುತ್ತದಂತೆ, ಸಿರೋಹಿಯ ಮರಿ ಬೇಗ ಎತ್ತರವಾಗುತ್ತದಂತೆ, ಉಸ್ಮಾನಾಬಾದಿಯಲ್ಲಿ ಅವಳಿ ಹೆಚ್ಚಂತೆ. ಉತ್ತರ ಹೇಳುವ ಮೊದಲು ನಾನು ತಿರುಗಿ ಒಂದು ಮಾತು ಕೇಳುತ್ತೇನೆ: ಹಿಂದಿನ ವರ್ಷ ನಿಮ್ಮ ರೊಪ್ಪದಲ್ಲಿ ಹುಟ್ಟಿದ ಗಂಡುಮರಿಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬೆಳೆದದ್ದು ಈಗ ಎಲ್ಲಿದೆ? ಬಕ್ರೀದ್‌ಗೆ ಹೋಯಿತು, ಇಲ್ಲವೇ ಊರ ಮಾರಿಹಬ್ಬಕ್ಕೆ ಹೋಯಿತು ಎನ್ನುತ್ತಾರೆ. ಒಳ್ಳೆಯ ಬೆಲೆ ಬಂತು, ಕೊಟ್ಟರು. ದಲ್ಲಾಳಿ ಮುಟ್ಟಿ ನೋಡಿ ಬೇಡವೆಂದು ಬಿಟ್ಟ ಮರಿ ಮನೆಯಲ್ಲಿ ಉಳಿಯಿತು. ಅದೇ ಮುಂದೆ ಹೋತವಾಯಿತು, ಮಂದೆಯ ಅಷ್ಟೂ ಮರಿಗಳಿಗೆ ಅಪ್ಪನಾಯಿತು.

ಹೀಗೆ ಹತ್ತು ವರ್ಷ ನಡೆದರೆ ಎಂಥ ತಳಿಯೂ ಕುಗ್ಗುತ್ತದೆ. ಆದ್ದರಿಂದ ತಳಿಯ ಮಾತನ್ನು ಸದ್ಯಕ್ಕೆ ಬದಿಗಿಟ್ಟು, ಇರುವ ಗಂಡುಮರಿಗಳಲ್ಲೇ ಬೀಜಕ್ಕೆ ಯಾವುದನ್ನು ಉಳಿಸಿಕೊಳ್ಳಬೇಕು ಎಂದು ಕಂಡುಕೊಳ್ಳುವ ವಿಧಾನವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ಸಾಧನೆಯ ಪರೀಕ್ಷೆ ಎನ್ನುತ್ತಾರೆ. ಒಂದೇ ವಯಸ್ಸಿನ ಮರಿಗಳನ್ನು ಒಂದೇ ಮೇವಿನಲ್ಲಿ, ಒಂದೇ ಜಾಗದಲ್ಲಿ ಇಟ್ಟು, ಯಾವುದು ಎಷ್ಟು ಬೆಳೆಯಿತು, ಯಾವುದಕ್ಕೆ ಮಾಂಸ ಕೂತಿತು, ಯಾವುದು ಜಂತುಹುಳುವನ್ನು ತಡೆದುಕೊಂಡಿತು ಎಂದು ಅಳೆಯುವುದು ಅಷ್ಟೇ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 2006ರಲ್ಲಿ ಆರಂಭಿಸಿ ಹಲವು ವರ್ಷ, ಬೇರೆ ಬೇರೆ ಸಾಕಣೆದಾರರ ಎಳೆಯ ಹೋತಗಳನ್ನು ಒಂದೇ ಹುಲ್ಲುಗಾವಲಿನಲ್ಲಿ ಮೇಯಿಸಿ ಹೀಗೆಯೇ ಪರೀಕ್ಷಿಸುತ್ತಿದ್ದರು. ಅದೇ ತತ್ವವನ್ನು ತುಮಕೂರು, ಚಿತ್ರದುರ್ಗ, ಕೋಲಾರದ ಕಡೆಯ ಬಯಲು ಮೇವಿನ ಮಂದೆಗೆ ಹೊಂದಿಸಿಕೊಳ್ಳಬಹುದು.

ಶುರು ಮಾಡುವ ಮುನ್ನ ಒಂದು ಲೆಕ್ಕ ತಿಳಿದಿರಲಿ. ಹೋತದ ಹೆಚ್ಚುಗಾರಿಕೆಯೆಲ್ಲ ಮರಿಗೆ ಇಳಿಯುವುದಿಲ್ಲ. ಮರಿಗಳ ನಡುವಿನ ತೂಕದ ವ್ಯತ್ಯಾಸದಲ್ಲಿ ರಕ್ತದಿಂದ ಬಂದದ್ದು ಸುಮಾರು ಕಾಲು ಭಾಗ. ಉಳಿದದ್ದು ತಾಯಿಯ ಹಾಲು, ಮೇವು, ಒಂಟಿಯಾಗಿ ಹುಟ್ಟಿತೋ ಅವಳಿಯೋ ಎಂಬುದು, ಹೀಗೆ. ಈ ರಕ್ತದ ಪಾಲಿಗೆ ಅನುವಂಶೀಯತೆ ಎಂದು ಹೆಸರು. ಓರಗೆಯವುಗಳಿಗಿಂತ 4 ಕೆಜಿ ಹೆಚ್ಚು ತೂಗುವ ಹೋತವಿದ್ದರೆ ಅದರಲ್ಲಿ ರಕ್ತದ ಪಾಲು 1 ಕೆಜಿ; ಮರಿಗೆ ಅಪ್ಪನಿಂದ ಬರುವುದು ಅದರ ಅರ್ಧ, ಅಂದರೆ ಅರ್ಧ ಕೆಜಿ. ಇಷ್ಟೇನಾ ಎನ್ನಬೇಡಿ. ವರ್ಷಕ್ಕೆ 40 ಮರಿಯಾದರೆ 20 ಕೆಜಿ ಆಯಿತು. ಹೆಣ್ಣುಮರಿಗಳ ಮೂಲಕ ಆ ಗುಣ ಮಂದೆಯಲ್ಲೇ ಉಳಿಯುತ್ತದೆ, ಮುಂದಿನ ಹೋತ ಅದರ ಮೇಲೆ ತನ್ನದನ್ನು ಸೇರಿಸುತ್ತದೆ. ಒಂದೇ ವರ್ಷದಲ್ಲಿ ಮರಿ ದುಪ್ಪಟ್ಟಾಗುತ್ತದೆ ಎಂದು ಹೋತ ಮಾರುವವನು ಹೇಳಿದರೆ ನಂಬಬೇಡಿ.

ಏನೇನು ಬೇಕು

50 ಕೆಜಿವರೆಗೆ ತೂಗುವ, 100 ಗ್ರಾಂ ವ್ಯತ್ಯಾಸ ತೋರಿಸುವ, ನೇತು ಹಾಕುವ ಡಿಜಿಟಲ್ ತಕ್ಕಡಿ. ಮರಿಯನ್ನು ತೂಗಿಸಲು ಗೋಣಿಚೀಲದಲ್ಲಿ ನಾಲ್ಕು ಕಾಲು ಹೊರಬರುವಂತೆ ತೂತು ಮಾಡಿ ಹೊಲಿದ ಜೋಲಿ. ನಂಬರು ಇರುವ ಕಿವಿಯೋಲೆ. ಟೈಲರ್ ಟೇಪು. ಕೈಗವಸು, ಜಿಪ್ ಕವರು, ಅಳಿಸಿಹೋಗದ ಶಾಯಿಯ ಪೆನ್ನು. ಗಟ್ಟಿ ರಟ್ಟಿನ ಪುಸ್ತಕ. ಇವೆಲ್ಲಕ್ಕಿಂತ ಮುಖ್ಯವಾಗಿ, ಹಿಕ್ಕೆ ಪರೀಕ್ಷಿಸಿ ಜಂತುಹುಳುವಿನ ಮೊಟ್ಟೆ ಎಣಿಸಿ ಕೊಡಲು ಒಪ್ಪುವ ಪಶುವೈದ್ಯರು ಅಥವಾ ಪ್ರಯೋಗಾಲಯ. ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳ ಹತ್ತಿರ ಇರುವವರು ಅಲ್ಲಿಯೂ ವಿಚಾರಿಸಬಹುದು. ಇದನ್ನು ಮೊದಲೇ ಮಾತಾಡಿಟ್ಟುಕೊಳ್ಳಿ. ಮರಿ ಕೂಡಿಸಿದ ಮೇಲೆ ಓಡಾಡಿದರೆ ಮಳೆಗಾಲ ಕಳೆದೇ ಹೋಗುತ್ತದೆ.

ಹಂತ 1: ಓರಗೆ ಗುಂಪು ಮಾಡಿ

ಪರೀಕ್ಷೆಯ ಅರ್ಧ ಗೆಲುವು ಇಲ್ಲಿದೆ, ಬಹಳ ಜನ ಸೋಲುವುದೂ ಇಲ್ಲೇ. ಒಂದು ತಿಂಗಳ ಒಳಗೆ ಹುಟ್ಟಿದ, ತಾಯಿಯ ಹಾಲು ಬಿಟ್ಟ, ಮೂರರಿಂದ ನಾಲ್ಕು ತಿಂಗಳ ಗಂಡುಮರಿಗಳು ಒಂದು ಗುಂಪು. ಹತ್ತಕ್ಕಿಂತ ಕಡಿಮೆ ಬೇಡ. ಹದಿನೈದು ಇಪ್ಪತ್ತಿದ್ದರೆ ಒಳ್ಳೆಯದು. ಆರು ತಿಂಗಳ ಮರಿಯನ್ನು ಮೂರು ತಿಂಗಳ ಮರಿಯ ಜೊತೆ ತೂಗಿ ಹೋಲಿಸಿದರೆ ನೀವು ಅಳೆದದ್ದು ವಯಸ್ಸನ್ನು. ಮನೆಯವರ ಮುದ್ದಿನ ಮರಿಗೆ ಸಂಜೆ ಒಂದು ಹಿಡಿ ಜೋಳ ಹೆಚ್ಚಿಗೆ ಬಿದ್ದರೆ ನೀವು ಅಳೆದದ್ದು ಜೋಳವನ್ನು. ಮುದ್ದಿನ ಮರಿ ಇದ್ದರೆ ಅದನ್ನು ಗುಂಪಿನಿಂದ ಹೊರಗಿಡಿ, ಮಕ್ಕಳ ಜೊತೆ ಜಗಳವೂ ತಪ್ಪುತ್ತದೆ.

ಐದಾರು ತಾಯಿಮೇಕೆ ಇರುವವರಿಗೆ ಹತ್ತು ಗಂಡುಮರಿ ಎಲ್ಲಿಂದ ಬರಬೇಕು? ಊರಿನ ನಾಲ್ಕು ಮನೆಯವರು ಸೇರಿ, ಮನೆಗೆ ಮೂರರಂತೆ ತಂದು ಒಬ್ಬರ ರೊಪ್ಪದಲ್ಲಿ ಕೂಡಿಸಿ. ಆಗ ರೋಗವೂ ಕೂಡುತ್ತದೆ ಎಂಬುದು ನೆನಪಿರಲಿ. ಕೂಡಿಸುವ ಮೊದಲು ಪಿಪಿಆರ್ (ಕುರಿ ಮೇಕೆಗಳ ಪ್ಲೇಗ್) ಮತ್ತು ಕರುಳುಬೇನೆಯ ಲಸಿಕೆಗಳು ಆಗಿರಬೇಕು. ಮೂಗು ಸೋರುವ, ಕೆಮ್ಮುವ, ಬಾಯಿಯಲ್ಲಿ ಹುಣ್ಣಿರುವ ಒಂದೇ ಒಂದು ಮರಿಯನ್ನೂ ಒಳಗೆ ಬಿಡಬೇಡಿ, ತಂದವರು ಎಷ್ಟೇ ಹತ್ತಿರದ ನೆಂಟರಾದರೂ.

ಕಾಲವನ್ನೂ ಈಗಲೇ ಲೆಕ್ಕ ಹಾಕಿ. ಜಂತುಹುಳುವಿನ ಹಾವಳಿ ಇಲ್ಲದ ಬೇಸಿಗೆಯಲ್ಲಿ ಜಂತು ತಡೆಯುವ ಶಕ್ತಿಯನ್ನು ಅಳೆಯಲಾಗದು. ಆದ್ದರಿಂದ ಜೂನ್ ಕೊನೆ ಅಥವಾ ಜುಲೈ ಮೊದಲಲ್ಲಿ ಶುರುಮಾಡಿ, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಮೊದಲಲ್ಲಿ ಮುಗಿಸುವುದು ನಮ್ಮ ಮುಂಗಾರಿಗೆ ಹೊಂದುತ್ತದೆ. ಅದಕ್ಕೆ ಮರಿಗಳು ಫೆಬ್ರವರಿ-ಮಾರ್ಚ್‌ನಲ್ಲಿ ಹುಟ್ಟಬೇಕು. ಮೇಕೆಯ ಗಬ್ಬದ ಅವಧಿ 150 ದಿನ, ಅಂದರೆ ಹೋತ ಬಿಡುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ.

ಹಂತ 2: ಓಲೆ ಹಾಕಿ, ಬರೆದಿಡಿ

ಮರಿ ಹುಟ್ಟಿದ ದಿನವೇ ಪುಸ್ತಕಕ್ಕೆ ಇಷ್ಟು ಬೀಳಬೇಕು: ದಿನಾಂಕ, ತಾಯಿಯ ನಂಬರು, ಅಪ್ಪ ಯಾವುದು, ಒಂಟಿಯೋ ಅವಳಿಯೋ, ಹುಟ್ಟುತೂಕ. ಬಿಳಿ ಮರಿ, ಕಪ್ಪು ಕಿವಿಯ ಮರಿ ಎಂದು ನೆನಪಿನ ಮೇಲೆ ನಡೆಸಬೇಡಿ. ನಂದಿದುರ್ಗ ತಳಿಯಲ್ಲಿ ಬಿಳಿಯೇ ಹೆಚ್ಚು, ಬೀದರಿ ತಳಿಯಲ್ಲಿ ಕಪ್ಪೇ ಹೆಚ್ಚು. ಎರಡು ವಾರ ಕಳೆದರೆ ಯಾವುದು ಯಾವುದೆಂದು ಸಾಕಿದವನಿಗೇ ಗೊಂದಲ.

ಹುಟ್ಟಿದ ದಿನಗಳಲ್ಲಿ ಹೆಚ್ಚುಕಡಿಮೆ ಇದ್ದರೆ ತೂಕವನ್ನು 90 ದಿನಕ್ಕೆ ಸರಿದೂಗಿಸಿಕೊಳ್ಳಬೇಕು. ಇಂದಿನ ತೂಕದಲ್ಲಿ ಹುಟ್ಟುತೂಕ ಕಳೆಯಿರಿ, ಬಂದದ್ದನ್ನು ವಯಸ್ಸಿನ ದಿನಗಳಿಂದ ಭಾಗಿಸಿ, 90ರಿಂದ ಗುಣಿಸಿ, ಹುಟ್ಟುತೂಕವನ್ನು ಮತ್ತೆ ಕೂಡಿಸಿ. 2 ಕೆಜಿ ಹುಟ್ಟಿ, 100ನೇ ದಿನಕ್ಕೆ 12 ಕೆಜಿ ತೂಗಿದ ಮರಿಯ 90 ದಿನದ ತೂಕ 11 ಕೆಜಿ.

ಹಂತ 3: ಎರಡು ವಾರ ಹೊಂದಿಕೊಳ್ಳಲು ಬಿಡಿ

ಗುಂಪು ಕೂಡಿಸಿದ ದಿನ ಎಲ್ಲ ಮರಿಗಳ ಹಿಕ್ಕೆ ತೆಗೆದು ಪರೀಕ್ಷೆಗೆ ಕಳಿಸಿ, ಅಂದೇ ಎಲ್ಲಕ್ಕೂ ತೂಕಕ್ಕೆ ತಕ್ಕಂತೆ ಜಂತುನಾಶಕ ಕುಡಿಸಿ. ಎಲ್ಲ ಮರಿಗಳೂ ಒಂದೇ ಗೆರೆಯಿಂದ ಓಡಲಿ ಎಂದು ಇದು. ಮದ್ದಿನ ಪ್ರಮಾಣವನ್ನು ಪಶುವೈದ್ಯರಿಂದಲೇ ಕೇಳಿ. ಮೇಕೆಯ ದೇಹ ಈ ಔಷಧಗಳನ್ನು ಕುರಿಗಿಂತ ಬೇಗ ಕರಗಿಸಿ ಹೊರಹಾಕುತ್ತದೆ, ಹಾಗಾಗಿ ಕುರಿಯ ಲೆಕ್ಕದಲ್ಲಿ ಕುಡಿಸಿದರೆ ಹುಳು ಸಾಯದೆ ಮದ್ದಿಗೆ ಒಗ್ಗಿಕೊಳ್ಳುತ್ತದೆ.

ಹದಿನಾಲ್ಕನೇ ದಿನ ಮತ್ತೆ ಹಿಕ್ಕೆ ಕಳಿಸಿ. ಗುಂಪಿನ ಸರಾಸರಿ ಮೊಟ್ಟೆ ಸಂಖ್ಯೆ ನೂರಕ್ಕೆ 95ರಷ್ಟಾದರೂ ಇಳಿದಿರಬೇಕು. ಇಳಿಯದಿದ್ದರೆ, ಮತ್ತು ಮದ್ದು ಸರಿಯಾದ ಪ್ರಮಾಣದಲ್ಲೇ ಬಿದ್ದಿದ್ದರೆ, ನಿಮ್ಮ ರೊಪ್ಪದ ಹುಳು ಆ ಮದ್ದಿಗೆ ಬಗ್ಗುತ್ತಿಲ್ಲ ಎಂದರ್ಥ. ವರ್ಷಗಟ್ಟಲೆ ಒಂದೇ ಬಿಳಿ ಔಷಧವನ್ನು ತಿಂಗಳಿಗೊಮ್ಮೆ ಕುಡಿಸಿಕೊಂಡು ಬಂದವರಿಗೆ ಈ ಫಲಿತಾಂಶ ಕಣ್ಣು ತೆರೆಸಿದ್ದುಂಟು. ಹೋತದ ಮಾತು ಹಾಗಿರಲಿ, ಇದೊಂದು ತಿಳಿದರೂ ಖರ್ಚು ದಕ್ಕಿತು.

ಈ ಎರಡು ವಾರದಲ್ಲಿ ಹೊಸ ಮೇವಿಗೆ ನಿಧಾನವಾಗಿ ಒಗ್ಗಿಸಿ. ಕಾಳು, ಹಿಂಡಿ ಕೊಡುವುದಿದ್ದರೆ ಹಿಡಿಯಿಂದ ಶುರುಮಾಡಿ ಏರಿಸಿ. ಒಮ್ಮೆಲೇ ಬೋಗುಣಿ ತುಂಬಿದರೆ ಕರುಳುಬೇನೆ ಬಂದು ಬೆಳಗಾಗುವಷ್ಟರಲ್ಲಿ ಒಳ್ಳೆಯ ಮರಿಯೇ ಕಾಲು ಚಾಚಿರುತ್ತದೆ. ನಾಲ್ಕು ತಿಂಗಳಿಗೇ ಗಂಡುಮರಿ ಹೆಣ್ಣಿನ ಹಿಂದೆ ಹೋಗತೊಡಗುತ್ತದೆ, ಆದ್ದರಿಂದ ಗುಂಪು ಬೇರೆಯೇ ಇರಬೇಕು. ಮೇಯಲು ಮಂದೆಯ ಜೊತೆಗೇ ಬಿಡಬೇಕಾದ ಅನಿವಾರ್ಯವಿದ್ದರೆ ಹೊಟ್ಟೆಯಡಿ ಬಟ್ಟೆ ಕಟ್ಟಿ. ಪರೀಕ್ಷೆ ಮುಗಿಯುವವರೆಗೆ ಯಾವುದರದ್ದೂ ಬೀಜ ಒಡೆಸಬೇಡಿ. ಅವಸರದಲ್ಲಿ ಒಡೆಸಿದ್ದು ಗೆದ್ದರೆ ಅದನ್ನು ಏನು ಮಾಡುವಿರಿ?

ಹಂತ 4: ತೂಗಿ

ಹೊಂದಾಣಿಕೆಯ ಎರಡು ವಾರ ಮುಗಿದ ದಿನದಿಂದ 84 ದಿನ, ಅಂದರೆ ಹನ್ನೆರಡು ವಾರ ಲೆಕ್ಕ. ಮೊದಲ ದಿನ, ಕೊನೆಯ ದಿನ ಮತ್ತು ನಡುವೆ ಹದಿನಾಲ್ಕು ದಿನಕ್ಕೊಮ್ಮೆ ತೂಗಿ. ಯಾವಾಗಲೂ ಬೆಳಿಗ್ಗೆ, ಮೇವು ನೀರು ಕೊಡುವ ಮೊದಲು. ಮೇಕೆಯ ಹೊಟ್ಟೆ ದೊಡ್ಡ ಚೀಲ. ಮೊದಲ ವರ್ಷ ನಾನು ಈ ನಿಯಮ ಮುರಿದು, ತೊಟ್ಟಿಯಲ್ಲಿ ನೀರು ಕುಡಿದು ಬಂದ ಮರಿಯನ್ನು ತೂಗಿ, ಹದಿನಾಲ್ಕು ದಿನದಲ್ಲಿ ಎರಡು ಕೆಜಿ ಏರಿದೆ ಎಂದು ಹಿಗ್ಗಿದ್ದೆ. ಮರುದಿನ ಬರಿಹೊಟ್ಟೆಯಲ್ಲಿ ತೂಗಿದಾಗ ಒಂದು ಕೆಜಿ ಮಾಯವಾಗಿತ್ತು. ಅಂದಿನಿಂದ ಮೊದಲ ಮತ್ತು ಕೊನೆಯ ತೂಕವನ್ನು ಸತತ ಎರಡು ಬೆಳಿಗ್ಗೆ ತೆಗೆದು ಸರಾಸರಿ ಬರೆಯುತ್ತೇನೆ.

ತಕ್ಕಡಿಯನ್ನೂ ನಂಬಿ ಕೂರಬೇಡಿ. 20 ಲೀಟರ್ ಕ್ಯಾನನ್ನು ಮೊದಲು ಖಾಲಿ ತೂಗಿ, ಆಮೇಲೆ ಅಳೆದು ನೀರು ತುಂಬಿ ತೂಗಿ. ನಡುವಿನ ವ್ಯತ್ಯಾಸ 20 ಕೆಜಿ ಇರಬೇಕು. ಜೋಲಿ ಒದ್ದೆಯಾದರೆ ಅದರ ತೂಕವೂ ಏರುತ್ತದೆ, ಆಗಾಗ ಸೊನ್ನೆ ಮಾಡಿಕೊಳ್ಳಿ. ಎದೆಸುತ್ತಳತೆಯಿಂದ ತೂಕ ಅಂದಾಜಿಸುವ ಟೇಪು ಔಷಧದ ಪ್ರಮಾಣಕ್ಕೆ ಸಾಕು, ಮರಿಗಳಿಗೆ ಕ್ರಮಾಂಕ ಕೊಡಲು ಸಾಲದು.

ಕೊನೆಯ ತೂಕದಲ್ಲಿ ಮೊದಲ ತೂಕ ಕಳೆದು 84ರಿಂದ ಭಾಗಿಸಿದರೆ ದಿನದ ಏರಿಕೆ ಸಿಗುತ್ತದೆ. ಆ ಮರಿಯ ಏರಿಕೆಯನ್ನು ಗುಂಪಿನ ಸರಾಸರಿ ಏರಿಕೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ಬರುವುದನ್ನು ಓರಗೆ ಅಂಕ ಎಂದು ಕರೆಯೋಣ. 100 ಎಂದರೆ ಸರಾಸರಿ, 120 ಎಂದರೆ ಓರಗೆಯವುಗಳಿಗಿಂತ ನೂರಕ್ಕೆ ಇಪ್ಪತ್ತು ಮುಂದೆ. ನಿಮಗೆ ಬೇಕಾದದ್ದು ಈ ಅಂಕ. ದಿನಕ್ಕೆ ಇಷ್ಟು ಗ್ರಾಂ ಎಂಬ ಬರಿ ಸಂಖ್ಯೆಯನ್ನು ಬೇರೆ ಊರಿನ, ಬೇರೆ ವರ್ಷದ, ಕಾಳು ತಿಂದ ಮರಿಯ ಸಂಖ್ಯೆಯ ಪಕ್ಕ ಇಟ್ಟರೆ ಅದಕ್ಕೆ ಅರ್ಥವಿಲ್ಲ.

ಹಂತ 5: ಕಣ್ಣಿನ ಬಣ್ಣ ನೋಡಿ

ಮಳೆಗಾಲದಲ್ಲಿ ಮೇಕೆ ಕೊಲ್ಲುವ ಜಂತುಗಳಲ್ಲಿ ಮೊದಲನೆಯದು ಹೆಮಾಂಕಸ್, ನಾಲ್ಕನೇ ಹೊಟ್ಟೆಯ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುವ ಹುಳು. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಕಳೆಯುತ್ತದೆ; ಸಾವಿರ ಹುಳುವಿದ್ದರೆ ದಿನಕ್ಕೆ 50 ಮಿಲಿಲೀಟರ್. ಹದಿನೈದು ಕೆಜಿಯ ಮರಿಗೆ ಇದು ತಡೆಯುವ ನಷ್ಟವಲ್ಲ. ಇದು ಭೇದಿ ಮಾಡಿಸುವುದಿಲ್ಲ, ಆದ್ದರಿಂದ ಹಿಕ್ಕೆ ಗಟ್ಟಿಯಾಗಿದೆ, ಜಂತು ಇಲ್ಲ ಎಂದು ಜನ ಮೋಸ ಹೋಗುತ್ತಾರೆ. ರಕ್ತ ಬತ್ತಿ ಕಣ್ಣು ಬಿಳಿಚುತ್ತದೆ, ದವಡೆಯ ಕೆಳಗೆ ನೀರು ತುಂಬಿ ಬಾವು ಇಳಿಬೀಳುತ್ತದೆ, ಒಂದು ದಿನ ಮರಿ ಮೇಲೇಳುವುದಿಲ್ಲ.

ಕಣ್ಣಿನ ಬಣ್ಣದಿಂದ ರಕ್ತಹೀನತೆ ಅಳೆಯಲು ದಕ್ಷಿಣ ಆಫ್ರಿಕಾದಲ್ಲಿ ರೂಪಿಸಿದ ಫಮಾಚಾ ಎಂಬ ಕಾರ್ಡು ಇದೆ. ಅದರಲ್ಲಿ ಐದು ಬಣ್ಣ: 1 ಕಡುಗೆಂಪು, 2 ಕೆಂಪು ಗುಲಾಬಿ, 3 ಗುಲಾಬಿ, 4 ಬಿಳಿಚು ಗುಲಾಬಿ, 5 ಬಿಳಿ. ಒಂದನೇ ಬಣ್ಣದ ಮೇಕೆಯ ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ 28 ಅಥವಾ ಹೆಚ್ಚು. ಐದಕ್ಕೆ ಬಂದರೆ 12 ಅಥವಾ ಅದಕ್ಕಿಂತ ಕೆಳಗೆ. ಮರಿಯನ್ನು ಬಿಸಿಲಿಗೆ ತನ್ನಿ. ಮೇಲಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಕಣ್ಣಿನ ಮೇಲೆ ಮುಚ್ಚಿ, ಗುಡ್ಡೆಯನ್ನು ಮೆತ್ತಗೆ ಒತ್ತಿ, ಇನ್ನೊಂದು ಹೆಬ್ಬೆರಳಿನಿಂದ ಕೆಳರೆಪ್ಪೆಯನ್ನು ಕೆಳಗೆಳೆಯಿರಿ. ಒಳಪೊರೆ ಪುಟಿದು ಹೊರಗೆ ಕಾಣುತ್ತದೆ. ಅದರ ನಡುಭಾಗದ ಬಣ್ಣವನ್ನು ಒಂದೆರಡು ಕ್ಷಣದಲ್ಲೇ ಕಾರ್ಡಿಗೆ ಹೋಲಿಸಿ, ಬೆರಳು ಬಹಳ ಹೊತ್ತು ಇಟ್ಟರೆ ಬಣ್ಣ ಬದಲಾಗುತ್ತದೆ. ಎರಡೂ ಕಣ್ಣು ನೋಡಿ, ಬೇರೆ ಬೇರೆ ಕಂಡರೆ ಬಿಳಿಚಿದ್ದನ್ನೇ ಬರೆಯಿರಿ.

ಕಾರ್ಡನ್ನು ಪಶುವೈದ್ಯರ ಮೂಲಕ ತರಿಸಿ, ಬಳಸುವುದನ್ನು ಅವರ ಕೈಯಲ್ಲೇ ಕಲಿಯಿರಿ. ಮೊಬೈಲ್‌ನಲ್ಲಿ ಬಂದ ಚಿತ್ರ ಅಥವಾ ಬಣ್ಣದ ಜೆರಾಕ್ಸ್ ಬಳಸಬೇಡಿ. ಪರದೆಯಿಂದ ಪರದೆಗೆ ಗುಲಾಬಿಯೇ ಬೇರೆ.

ಹದಿನಾಲ್ಕು ದಿನಕ್ಕೊಮ್ಮೆ, ತೂಗುವ ದಿನವೇ ಕಣ್ಣನ್ನೂ ನೋಡಿ. 4, 5 ಬಂದ ಮರಿಗೆ ಮದ್ದು ಕುಡಿಸಲೇಬೇಕು. ಎಳೆಯ ಮರಿಗಳಾದ್ದರಿಂದ 3 ಬಂದರೂ ಕುಡಿಸಿ. ಉಳಿದವಕ್ಕೆ ಬೇಡ. ಎಲ್ಲಕ್ಕೂ ಒಟ್ಟಿಗೆ ಕುಡಿಸಿಬಿಡೋಣ ಎಂಬ ಹಳೆಯ ಅಭ್ಯಾಸ ಇಲ್ಲಿ ಬಂದರೆ ಪರೀಕ್ಷೆ ಅಲ್ಲಿಗೆ ಸತ್ತಿತು. ಪ್ರತಿ ಮರಿಗೆ ಎಷ್ಟು ಸಲ ಮದ್ದು ಬೇಕಾಯಿತು ಎಂಬುದೇ ಒಂದು ಅಂಕ. ಪರೀಕ್ಷೆಯ ಹೆಸರಿನಲ್ಲಿ ಬಿಳಿಚಿದ ಮರಿಯನ್ನು ಸಾಯಲು ಬಿಡುವುದೂ ತಪ್ಪು. ಮದ್ದು ಕುಡಿಸಿ, ಬರೆದಿಡಿ.

ಈ ಕಾರ್ಡು ರಕ್ತ ಹೀರುವ ಜಂತುವಿಗೆ ಮಾತ್ರ. ಉಣ್ಣಿ, ಹೇನು, ಕೆರೆಯಂಗಳದಲ್ಲಿ ಮೇದು ಬಂದ ಯಕೃತ್ತಿನ ಹುಳು, ಬರಿಯ ಹಸಿವು, ಇವೂ ಕಣ್ಣು ಬಿಳಿಚಿಸುತ್ತವೆ. ಧೂಳಿನಿಂದ ಕಣ್ಣು ಕೆಂಪಾಗಿದ್ದರೆ ಬಿಳಿಚಿದ್ದೂ ಮುಚ್ಚಿಹೋಗುತ್ತದೆ.

ಹಂತ 6: ಹಿಕ್ಕೆಯಲ್ಲಿ ಮೊಟ್ಟೆ ಎಣಿಸಿ

ಕಣ್ಣು ಕೆಂಪಗಿದ್ದ ಮಾತ್ರಕ್ಕೆ ಮರಿ ಜಂತುವನ್ನು ತಡೆಯುತ್ತಿದೆ ಎಂದಾಗುವುದಿಲ್ಲ. ಎರಡು ಬಗೆಯ ಮೇಕೆಗಳಿವೆ. ಒಂದು ತಡೆಯುವ ಮೇಕೆ: ಹುಳು ಹೊಟ್ಟೆಯಲ್ಲಿ ನೆಲೆಯೂರದಂತೆ, ಮೊಟ್ಟೆ ಇಡದಂತೆ ಅದರ ದೇಹ ನೋಡಿಕೊಳ್ಳುತ್ತದೆ. ಇನ್ನೊಂದು ತಾಳುವ ಮೇಕೆ: ಹುಳು ತುಂಬಿದ್ದರೂ ಬಗ್ಗದೆ ಬೆಳೆಯುತ್ತದೆ. ಎರಡನೆಯದು ನೋಡಲು ಚಂದ, ಆದರೆ ಹೋದಲ್ಲೆಲ್ಲ ಮೊಟ್ಟೆ ಚೆಲ್ಲುತ್ತಾ ಓರಗೆಯವುಗಳ ಮೇವನ್ನು ಕೆಡಿಸುತ್ತದೆ. ಒಂದು ಹೆಣ್ಣು ಹೆಮಾಂಕಸ್ ದಿನಕ್ಕೆ ಐದು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಯಾವುದೇ ಮಂದೆಯಲ್ಲಿ ನೂರಕ್ಕೆ ಇಪ್ಪತ್ತು ಮೂವತ್ತು ಮೇಕೆಗಳ ಹೊಟ್ಟೆಯಲ್ಲೇ ಒಟ್ಟು ಹುಳುವಿನ ಎಂಬತ್ತು ಪಾಲು ಇರುತ್ತದೆ ಎಂಬುದು ಪರಾವಲಂಬಿ ಶಾಸ್ತ್ರದವರ ಹಳೆಯ ಅನುಭವ. ಆ ಇಪ್ಪತ್ತರಲ್ಲಿ ಒಂದು ನಿಮ್ಮ ಬೀಜದ ಹೋತವಾಗಬಾರದು.

ಹಿಕ್ಕೆಯನ್ನು ನೆಲದಿಂದ ಆರಿಸಬೇಡಿ. ಕೈಗವಸಿನ ಬೆರಳಿಗೆ ಸ್ವಲ್ಪ ಎಣ್ಣೆ ಸವರಿ ಗುದದಿಂದಲೇ ತೆಗೆಯಿರಿ, ಮೂರು ನಾಲ್ಕು ಗ್ರಾಂ, ಅಂಗೈಯ ಗುಳಿಯಲ್ಲಿ ಕೂರುವಷ್ಟು. ಜಿಪ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಓಲೆಯ ನಂಬರು ಬರೆದು, ಮಂಜುಗಡ್ಡೆಯ ಡಬ್ಬಿಯಲ್ಲಿಡಿ. ಬಿಸಿಲಲ್ಲಿ ಬೈಕಿನ ಪೆಟ್ಟಿಗೆಯಲ್ಲಿಟ್ಟು ಮರುದಿನ ಕೊಟ್ಟರೆ ಮೊಟ್ಟೆಗಳು ಒಡೆದು ಮರಿಹುಳುವಾಗಿರುತ್ತವೆ, ಎಣಿಕೆಗೆ ಏನೂ ಸಿಗುವುದಿಲ್ಲ. ಫ್ರಿಜ್‌ನ ಕೆಳಗಿನ ಭಾಗದಲ್ಲಿ ಇಡಬಹುದು, ಮೇಲಿನ ಐಸ್ ಪೆಟ್ಟಿಗೆಯಲ್ಲಿ ಬೇಡ. ಮನೆಯವರಿಗೆ ಮೊದಲೇ ಹೇಳಿಡಿ.

ಪ್ರಯೋಗಾಲಯದಲ್ಲಿ ಮಾಡುವುದು ಸರಳ. 2 ಗ್ರಾಂ ಹಿಕ್ಕೆಯನ್ನು 28 ಮಿಲಿಲೀಟರ್ ದಟ್ಟ ಉಪ್ಪುನೀರಿನಲ್ಲಿ ಅರೆದು, ಟೀ ಜಾಲರಿಯಲ್ಲಿ ಸೋಸಿ, ಮ್ಯಾಕ್‌ಮಾಸ್ಟರ್ ಎಂಬ ಗೆರೆ ಎಳೆದ ಗಾಜಿನ ಎರಡು ಗೂಡುಗಳಿಗೆ ತುಂಬುತ್ತಾರೆ. ಐದು ನಿಮಿಷದಲ್ಲಿ ಮೊಟ್ಟೆಗಳು ಮೇಲೆ ತೇಲುತ್ತವೆ. ಸೂಕ್ಷ್ಮದರ್ಶಕದಡಿ ಎರಡೂ ಗೂಡಿನ ಮೊಟ್ಟೆ ಎಣಿಸಿ 50ರಿಂದ ಗುಣಿಸಿದರೆ ಒಂದು ಗ್ರಾಂ ಹಿಕ್ಕೆಯಲ್ಲಿರುವ ಮೊಟ್ಟೆಗಳ ಸಂಖ್ಯೆ. ಹಲವು ಕಡೆ ವರದಿಯಲ್ಲಿ ಒಂದು, ಎರಡು, ಮೂರು ಕೂಡಿಸುವ ಚಿಹ್ನೆ ಹಾಕಿ ಕೊಡುತ್ತಾರೆ. ಚಿಕಿತ್ಸೆಗೆ ಅದು ಸಾಕಾಗಬಹುದು, ಆಯ್ಕೆಗೆ ಸಾಲದು. ಸಂಖ್ಯೆಯೇ ಬೇಕೆಂದು ಕೇಳಿ. ರಕ್ತಭೇದಿ ತರುವ ಕಾಕ್ಸಿಡಿಯಾದ ಸಣ್ಣ ಉಂಡೆಗಳನ್ನು ಇದರಲ್ಲಿ ಸೇರಿಸಿ ಎಣಿಸಬಾರದು ಎಂದೂ ಹೇಳಿ.

28, 56 ಮತ್ತು 84ನೇ ದಿನ, ಮೂರು ಸಲ ಎಣಿಸಿದರೆ ಒಳ್ಳೆಯದು. ಒಂದೇ ಎಣಿಕೆಯ ಮೇಲೆ ತೀರ್ಪು ಕೊಡಬೇಡಿ. ಮೇವಿನ ಜೊತೆ ಒಳಹೋದ ಮರಿಹುಳು ಬೆಳೆದು ಮೊಟ್ಟೆ ಇಡಲು ಸುಮಾರು ಮೂರು ವಾರ ಬೇಕು, ಆದ್ದರಿಂದ ಮದ್ದು ಕುಡಿದ ಮರಿಯ ಎಣಿಕೆ ನಾಲ್ಕು ವಾರದೊಳಗೆ ಕಡಿಮೆ ಬಂದರೆ ಅದು ಮರಿಯ ಗುಣವಲ್ಲ, ಮದ್ದಿನ ಗುಣ. ಸರಾಸರಿ ತೆಗೆಯುವಾಗಲೂ ಎಚ್ಚರ: ಒಂದೇ ಮರಿ 6,000 ತೋರಿಸಿದರೆ ಇಡೀ ಗುಂಪಿನ ಸರಾಸರಿ ಹಾರುತ್ತದೆ. ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ನಡುವೆ ನಿಲ್ಲುವುದನ್ನು ಗೆರೆಯಾಗಿ ಇಟ್ಟುಕೊಳ್ಳಿ.

ಗುಂಪಿನ ಎಲ್ಲಕ್ಕೂ ಸೊನ್ನೆ, ಐವತ್ತು ಬಂದರೆ ಸಂಭ್ರಮಿಸಬೇಡಿ. ಹುಳುವೇ ಇಲ್ಲದ ಕಡೆ ಪರೀಕ್ಷೆ ನಡೆದಿದೆ ಎಂದಷ್ಟೇ ಅದರ ಅರ್ಥ. ಅಟ್ಟಣಿಗೆ ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸಿದ, ಜಾಲಿ ಸುಬಾಬುಲ್ ಸೊಪ್ಪು ಮೇಲಿಂದಲೇ ತಿಂದ ಮರಿಗಳಿಗೆ ಹುಳು ತಗಲುವುದು ಕಡಿಮೆ, ಮರಿಹುಳುಗಳು ಇರುವುದು ನೆಲದಿಂದ ಬೆರಳುದ್ದದ ಹುಲ್ಲಿನಲ್ಲಿ. ಅಂಥ ಕೊಟ್ಟಿಗೆಯ ಹೊಳೆಯುವ ಹೋತವನ್ನು ತಂದು ಆಷಾಢದಲ್ಲಿ ಕೆರೆಯಂಗಳಕ್ಕೆ ಬಿಟ್ಟವರು ತಿಂಗಳೊಳಗೆ ಪಶುವೈದ್ಯರನ್ನು ಹುಡುಕುತ್ತಾರೆ. ತಳಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಬೋಯರ್ ಮಾಂಸಕ್ಕೆ ಹೆಸರಾದ ತಳಿ, ಆದರೆ ಅಮೆರಿಕದ ಟೆನೆಸ್ಸಿಯಂಥ ತೇವದ ಸೀಮೆಯಲ್ಲಿ ಹುಲ್ಲುಗಾವಲಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿದಾಗ ಬೋಯರ್ ಹೆಣ್ಣುಮೇಕೆಗಳಿಗಿಂತ ಕಿಕೊ ಹೆಣ್ಣುಗಳು ಚೆನ್ನಾಗಿ ಬಾಳಿದವು. ಕಿಕೊ ನ್ಯೂಜಿಲೆಂಡಿನಲ್ಲಿ ಕಾಡುಪಾಲಾಗಿದ್ದ ಮೇಕೆಗಳಿಂದ, ಆರೈಕೆ ಕಡಿಮೆ ಮಾಡಿ, ಉಳಿದು ಬೆಳೆದವನ್ನೇ ಆರಿಸುತ್ತಾ ಕಟ್ಟಿದ ತಳಿ. ನಂದಿದುರ್ಗದಲ್ಲೂ ಬೀದರಿಯಲ್ಲೂ ಹಾಗೆ ಆರಿಸಲು ಬೇಕಾದ ಮರಿಗಳು ನಿಮ್ಮ ಕಣ್ಣೆದುರೇ ಇವೆ.

ಹಂತ 7: ಮಾಂಸವನ್ನು ಕೈಯಿಂದ ಓದಿ

ದೊಡ್ಡ ಕೇಂದ್ರಗಳಲ್ಲಿ 12 ಮತ್ತು 13ನೇ ಪಕ್ಕೆಲುಬಿನ ನಡುವೆ ಅಲ್ಟ್ರಾಸೌಂಡ್ ಇಟ್ಟು ಬೆನ್ನಿನ ಮಾಂಸದ ಅಗಲ ಅಳೆಯುತ್ತಾರೆ. ನಮಗೆ ಕೈ ಸಾಕು. ಸಂತೆಯಲ್ಲಿ ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿಯುವ ಮೊದಲು ಮೇಕೆಯ ಸೊಂಟ ಹಿಡಿದು ನೋಡುತ್ತಾನಲ್ಲ, ಅದೇ ಜಾಗ. ಕೊನೆಯ ಪಕ್ಕೆಲುಬಿನ ಹಿಂದೆ ಬೆನ್ನೆಲುಬಿನ ಎರಡೂ ಬದಿಗೆ ಬೆರಳು ಒತ್ತಿ. ಮೂಳೆಯ ಅಂಚು ಚೂಪಾಗಿ ಚುಚ್ಚಿ, ಮಾಂಸ ಒಳಗೆ ಕುಸಿದಿದ್ದರೆ 1. ಮೂಳೆ ಗೊತ್ತಾಗುತ್ತದೆ, ಮಾಂಸ ಅದರ ಸಮಕ್ಕೆ ತುಂಬಿದೆ ಎಂದರೆ 3. ಒತ್ತಿ ಹುಡುಕಿದರಷ್ಟೇ ಮೂಳೆ ಸಿಕ್ಕಿ, ಮಾಂಸ ದುಂಡಗೆ ಉಬ್ಬಿದ್ದರೆ 5. ಆಮೇಲೆ ಹಿಂದೆ ನಿಂತು ತೊಡೆ ನೋಡಿ. ಎರಡು ತೊಡೆಗಳ ನಡುವಿನ ಸಂದು ಮೇಲಿನವರೆಗೂ ಚೂಪಾಗಿ ಹೋದರೆ ಮಾಂಸ ಕಡಿಮೆ. ತೊಡೆಗಳು ಒಳಗೂ ತುಂಬಿಕೊಂಡು ಸಂದು ಕಿರಿದಾಗಿದ್ದರೆ ಒಳ್ಳೆಯದು. ತೊಡೆಯ ದಪ್ಪವಾದ ಕಡೆ ಟೇಪು ಸುತ್ತಿ ಅಳತೆ ಬರೆಯಿರಿ.

ಎಲ್ಲ ಮರಿಗಳನ್ನೂ ಒಬ್ಬರೇ, ಒಂದೇ ದಿನ, ತೂಕದ ಪುಸ್ತಕ ನೋಡದೆ ಮುಟ್ಟಿ ಅಂಕ ಕೊಡಬೇಕು. ಪುಸ್ತಕ ಕಣ್ಣಿಗೆ ಬಿದ್ದರೆ ಬೆರಳು ಸುಳ್ಳು ಹೇಳುತ್ತದೆ. ಹೊಟ್ಟೆಯ ದುಂಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗುಡಾಣ ಹೊಟ್ಟೆ ಜಂತುವಿನ ಗುರುತೂ ಆಗಿರಬಹುದು. ಎದೆಮೂಳೆಯ ಮೇಲೆ ಬೆರಳಿಟ್ಟರೆ ಮೆತ್ತನೆ ಸಿಗುವುದು ಕೊಬ್ಬು, ಮಾಂಸವಲ್ಲ. ಮೇಕೆ ಕೊಬ್ಬನ್ನು ಹೆಚ್ಚಾಗಿ ಹೊಟ್ಟೆಯೊಳಗೆ ಕೂಡಿಡುತ್ತದೆ, ಅದಕ್ಕೆ ಕಟುಕ ಹಣ ಕೊಡುವುದಿಲ್ಲ.

ಹಂತ 8: ಜರಡಿ ಹಿಡಿಯಿರಿ

ಎಲ್ಲ ಅಂಕ ಕೂಡಿಸಿ ಮೊದಲನೆಯವನನ್ನು ಹುಡುಕುವುದಕ್ಕಿಂತ ಒಂದೊಂದೇ ಜರಡಿ ಹಿಡಿಯುವುದು ಸಣ್ಣ ಮಂದೆಗೆ ಸುಲಭ. ಮೊದಲ ಜರಡಿ ದೇಹದ ಕುಂದು: ಮೇಲೆ ಕೆಳಗೆ ಕೂಡದ ದವಡೆ, ಕುಸಿದ ಪಾದ, ಒಂದೇ ಬೀಜ ಇಳಿದದ್ದು ಅಥವಾ ಎರಡು ಬೇರೆ ಬೇರೆ ಗಾತ್ರ. ಇವು ಎಷ್ಟೇ ತೂಗಲಿ, ಬೇಡ. ಹುಟ್ಟಿನಿಂದ ಕೊಂಬಿಲ್ಲದ ಹೋತವನ್ನು ಕೊಂಬಿಲ್ಲದ ಹೆಣ್ಣುಗಳಿರುವ ಮಂದೆಗೆ ಬಿಡಬೇಡಿ, ಅಂಥ ಜೋಡಿಗೆ ಗಂಡೂ ಅಲ್ಲದ ಹೆಣ್ಣೂ ಅಲ್ಲದ ಬಂಜೆ ಮರಿಗಳು ಹುಟ್ಟುತ್ತವೆ. ಎರಡನೇ ಜರಡಿ ಜಂತು: ಎರಡು ಸಲ ಅಥವಾ ಹೆಚ್ಚು ಮದ್ದು ಕುಡಿದವು, ಮೊಟ್ಟೆಯ ಸಾಲಿನಲ್ಲಿ ನಡುಗೆರೆಗಿಂತ ಮೇಲೆ ಇರುವವು ಹೊರಗೆ. ಮೂರನೆಯದು ಮಾಂಸ: 3ಕ್ಕಿಂತ ಕೆಳಗಿನವು ಹೊರಗೆ. ಉಳಿದವುಗಳಲ್ಲಿ ಓರಗೆ ಅಂಕ ಯಾವುದಕ್ಕೆ ಹೆಚ್ಚೋ ಅದು ನಿಮ್ಮ ಹೋತ.

ಉದಾಹರಣೆಗೆ ಪುಸ್ತಕದ ಪುಟವೊಂದನ್ನು ಊಹಿಸಿಕೊಳ್ಳಿ. ಗುಂಪಿನ ಸರಾಸರಿ ಏರಿಕೆ ದಿನಕ್ಕೆ 60 ಗ್ರಾಂ, ಮೊಟ್ಟೆಯ ನಡುಗೆರೆ 800.

ನಂಬರು 3: ಒಂಟಿ ಹುಟ್ಟು. 15.0ರಿಂದ 19.8 ಕೆಜಿ, ದಿನಕ್ಕೆ 57 ಗ್ರಾಂ, ಓರಗೆ ಅಂಕ 95. ಮೊಟ್ಟೆ 900, ಮದ್ದು ಒಂದು ಸಲ, ಮಾಂಸ 4.

ನಂಬರು 7: ಒಂಟಿ ಹುಟ್ಟು. 13.3ರಿಂದ 20.0 ಕೆಜಿ, ದಿನಕ್ಕೆ 80 ಗ್ರಾಂ, ಅಂಕ 133. ಮೊಟ್ಟೆ 2,400, ಮದ್ದು ಎರಡು ಸಲ, ಮಾಂಸ 4.

ನಂಬರು 11: ಅವಳಿ. 10.4ರಿಂದ 16.1 ಕೆಜಿ, ದಿನಕ್ಕೆ 68 ಗ್ರಾಂ, ಅಂಕ 113. ಮೊಟ್ಟೆ 300, ಮದ್ದು ಕುಡಿದೇ ಇಲ್ಲ, ಮಾಂಸ 3.

ಸಂತೆಯ ಕಣ್ಣಿಗೆ 3 ಮತ್ತು 7 ಬೀಳುತ್ತವೆ, 11ನ್ನು ಯಾರೂ ತಿರುಗಿ ನೋಡುವುದಿಲ್ಲ. ಆದರೆ 3ರ ಗಾತ್ರ ತಾಯಿಯ ಹಾಲಿನ ಸಾಲ. ಹಾಲು ನಿಂತ ಮೇಲೆ ಅದು ಸರಾಸರಿಗಿಂತ ಹಿಂದೆ ಬಿದ್ದಿದೆ. 7 ನಿಜವಾಗಿಯೂ ಬೆಳೆಯುವ ಮರಿ, ತಾಳುವ ಜಾತಿಯದು, ತಡೆಯುವುದಲ್ಲ. ಬಯಲಲ್ಲಿ ಮೇಯುವ ಮಂದೆಗೆ ನಾನು ಎರಡು ಮನಸ್ಸಿಲ್ಲದೆ 11ನ್ನು ಇಟ್ಟುಕೊಳ್ಳುತ್ತೇನೆ. ನಿಮ್ಮದು ಪೂರ್ತಿ ಅಟ್ಟಣಿಗೆ ಕೊಟ್ಟಿಗೆಯಾಗಿದ್ದು, ಮರಿಗಳು ನೆಲದ ಹುಲ್ಲನ್ನೇ ಮುಟ್ಟದಿದ್ದರೆ 7 ನಿಮಗೆ ಹೆಚ್ಚು ದುಡಿದುಕೊಡುತ್ತದೆ.

ಆರಿಸಿದ ಹೋತವನ್ನು ವರ್ಷ ತುಂಬುವವರೆಗೆ ಹೆಚ್ಚು ದುಡಿಸಬೇಡಿ. ಅದರ ಹೆಣ್ಣುಮರಿಗಳು ಬೆದೆಗೆ ಬರುವ ಮೊದಲೇ ಬೇರೆ ಊರಿನ, ಇದೇ ರೀತಿ ಪರೀಕ್ಷೆಯಾದ ಹೋತದೊಂದಿಗೆ ಅದಲುಬದಲು ಮಾಡಿಕೊಳ್ಳಿ. ಸಾಧ್ಯವಾದರೆ ಎರಡನೇ ಸ್ಥಾನದ್ದನ್ನೂ ಉಳಿಸಿಕೊಳ್ಳಿ, ಹಾವು, ಚಿರತೆ, ಲಾರಿ ಯಾವಾಗ ಬರುತ್ತವೆಂದು ಹೇಳಲಾಗದು. ಉಳಿದವುಗಳ ಬೀಜ ಈಗ ಒಡೆಸಬಹುದು, ಮಾರಬಹುದು. ಬಕ್ರೀದ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಮುಂಚೆ ಬರುತ್ತಾ ಹೋಗುತ್ತದೆ, ಕ್ಯಾಲೆಂಡರ್ ನೋಡಿಕೊಂಡು ಇಟ್ಟುಕೊಳ್ಳಿ. ವ್ಯಾಪಾರಕ್ಕೆ ದಲ್ಲಾಳಿ ಬಂದಾಗ ತಕ್ಕಡಿಯನ್ನು ಒಳಗಿಡಬೇಡಿ; ಜೋಲಿ ಕಟ್ಟಿ, ಅವನೆದುರೇ ತೂಗಿ, ಕೆಜಿಯ ಲೆಕ್ಕದಲ್ಲಿ ಮಾತಾಡಿ. 11ನೇ ನಂಬರಿಗೆ ಅವನು ಎಷ್ಟು ಕೇಳಿದರೂ ಕೊಡಬೇಡಿ. ಬಹುಶಃ ಕೇಳುವುದೂ ಇಲ್ಲ.